ಎತ್ತರಕ್ಕೆ ದಿನ ಕೊಡಿ: ಲಡಾಖ್, ಎವರೆಸ್ಟ್ ಬೇಸ್ ಕ್ಯಾಂಪ್, ಕೈಲಾಸಕ್ಕೆ ಹೊರಟವರಿಗೆ

ಬೆಂಗಳೂರಿನಿಂದ ಲಡಾಖ್‌ಗೆ ಹೊರಡುವವರ ಪ್ಲಾನ್ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ಶುಕ್ರವಾರ ರಾತ್ರಿ ಮನೆ ಬಿಡುವುದು, ಶನಿವಾರ ಬೆಳಿಗ್ಗೆ ದೆಹಲಿಯಿಂದ ಲೇಹ್ ವಿಮಾನ, ಮಧ್ಯಾಹ್ನ ಶಾಂತಿ ಸ್ತೂಪ, ಭಾನುವಾರ ಖರ್ದುಂಗ್ ಲಾ ಎಂಬ ಎತ್ತರದ ಬೆಟ್ಟದ ದಾರಿ ದಾಟಿ ನುಬ್ರಾ, ಸೋಮವಾರ ಪ್ಯಾಂಗಾಂಗ್ ಸರೋವರ. ರಜೆ ಒಂದೇ ವಾರ, ನೋಡಬೇಕಾದ ಜಾಗ ಜಾಸ್ತಿ. ಇಂಥ ಪ್ಲಾನ್ ನೋಡಿದಾಗಲೆಲ್ಲ ನನಗೆ ಭಯವಾಗುತ್ತದೆ. ಅದರಲ್ಲಿ ಎಲ್ಲದಕ್ಕೂ ಸಮಯ ಇಟ್ಟಿರುತ್ತಾರೆ, ದೇಹಕ್ಕೆ ಮಾತ್ರ ಇಟ್ಟಿರುವುದಿಲ್ಲ.

ಆಲ್ಟಿಟ್ಯೂಡ್ ಸಿಕ್‌ನೆಸ್ ಅಂದರೆ ಎತ್ತರದ ಕಾಯಿಲೆ. ಹೆಸರು ಕೇಳಿದರೆ ಎತ್ತರದ್ದೇ ತಪ್ಪು ಅನ್ನಿಸುತ್ತದೆ. ಆದರೆ ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಜನ ಹುಟ್ಟಿ ಬೆಳೆದು, ಬಾರ್ಲಿ ಬಿತ್ತಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿಕೊಂಡು ಬಾಳುತ್ತಾರೆ. ನಮ್ಮಂಥವರೂ ನಾಲ್ಕೈದು ದಿನ ಸುಮ್ಮನೆ ಇದ್ದರೆ ಅಲ್ಲಿ ಆರಾಮಾಗಿ ಓಡಾಡಬಹುದು. ಕಾಯಿಲೆ ಬರುವುದು ಎತ್ತರಕ್ಕೆ ಅವಸರದಲ್ಲಿ ಹೋದಾಗ. ಈ ಒಂದು ಮಾತು ಸರಿಯಾಗಿ ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಗಾಳಿಯಲ್ಲಿ ಕಡಿಮೆಯಾಗುವುದು ಏನು

'ಮೇಲೆ ಹೋದಂತೆ ಗಾಳಿಯಲ್ಲಿ ಆಕ್ಸಿಜನ್ ಕಡಿಮೆ' ಅಂತ ಎಲ್ಲರೂ ಹೇಳುತ್ತಾರೆ. ಹೇಳುವುದಕ್ಕೆ ಸುಲಭ, ಆದರೆ ಪೂರ್ತಿ ಸರಿಯಲ್ಲ. ಮಂಗಳೂರಿನ ಕಡಲ ತೀರದಲ್ಲೂ ಎವರೆಸ್ಟ್ ತುದಿಯಲ್ಲೂ ಗಾಳಿಯಲ್ಲಿ ಆಕ್ಸಿಜನ್ ಪಾಲು ಸುಮಾರು ಶೇಕಡಾ 21 ಇರುತ್ತದೆ. ಬದಲಾಗುವುದು ಗಾಳಿಯ ಒತ್ತಡ. ಒಂದರ ಮೇಲೊಂದು ಹತ್ತಿ ಹಾಸಿಗೆ ಪೇರಿಸಿಟ್ಟರೆ ಕೆಳಗಿನದು ಮೇಲಿನವುಗಳ ಭಾರಕ್ಕೆ ಒತ್ತಿ ದಟ್ಟವಾಗುತ್ತದೆ, ಮೇಲಿನದು ಉಬ್ಬಿಕೊಂಡೇ ಇರುತ್ತದೆ. ಗಾಳಿಯ ಕಥೆಯೂ ಇದೇ. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಎಳೆದುಕೊಳ್ಳುವ ಉಸಿರು ಅಷ್ಟೇ ಇದ್ದರೂ ಅದರೊಳಗೆ ಬರುವ ಆಕ್ಸಿಜನ್ ಕಣಗಳು ಕಡಿಮೆ.

ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮೂರನೇ ಎರಡು ಭಾಗ. 5,500 ಮೀಟರಿನ ಹೊತ್ತಿಗೆ ಅರ್ಧಕ್ಕೆ ಇಳಿಯುತ್ತದೆ. ಎವರೆಸ್ಟ್ ತುದಿಯಲ್ಲಿ ಉಳಿಯುವುದು ಮೂರನೇ ಒಂದು ಭಾಗ. ಖರ್ದುಂಗ್ ಲಾದಲ್ಲಿ ಜನ ಫೋಟೋ ತೆಗೆಸಿಕೊಳ್ಳುವ ಬೋರ್ಡಿನಲ್ಲಿ ಬಹಳ ಕಾಲ 18,380 ಅಡಿ, ಅಂದರೆ 5,602 ಮೀಟರ್ ಅಂತ ಬರೆದಿತ್ತು. ಅಳತೆ ಮಾಡಿದರೆ ಆ ದಾರಿಯ ನೆತ್ತಿ ಇರುವುದು ಸುಮಾರು 5,359 ಮೀಟರಿನಲ್ಲಿ. ಬೋರ್ಡ್ ಹೇಗೇ ಇರಲಿ, ಅಲ್ಲಿ ನಿಮಗೆ ಸಿಗುವುದು ಊರಲ್ಲಿ ಸಿಗುವ ಗಾಳಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಈ ತೊಂದರೆ ಶುರುವಾಗುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಕುಮಾರ ಪರ್ವತ ಇನ್ನೂ ಕಡಿಮೆ. ಅಂದರೆ ನಮ್ಮ ರಾಜ್ಯದ ಯಾವ ಬೆಟ್ಟ ಹತ್ತಿದರೂ ದೇಹಕ್ಕೆ ಈ ಅನುಭವ ಆಗಿರುವುದಿಲ್ಲ. ವಾರವಾರ ಕುಮಾರ ಪರ್ವತ ಹತ್ತಿದರೆ ಕಾಲು ಗಟ್ಟಿಯಾಗುತ್ತದೆ, ದಮ್ಮು ಹೆಚ್ಚುತ್ತದೆ. ಅದು ಬೇಕು ಕೂಡ. ಆದರೆ ತೆಳು ಗಾಳಿಗೆ ಒಗ್ಗಿಕೊಳ್ಳುವ ಕೆಲಸ ತೆಳು ಗಾಳಿಯಲ್ಲೇ ಆಗಬೇಕು.

ದೇಹ ಒಗ್ಗಿಕೊಳ್ಳುವ ಬಗೆ

ಕತ್ತಿನ ಎರಡೂ ಬದಿಯ ರಕ್ತನಾಳಗಳ ಬಳಿ ಚಿಕ್ಕ ಗಂಟಿನಂಥ ಭಾಗಗಳಿವೆ. ರಕ್ತದಲ್ಲಿ ಆಕ್ಸಿಜನ್ ಇಳಿದದ್ದನ್ನು ಮೊದಲು ಗುರುತಿಸುವುದು ಇವೇ. ಕೂಡಲೇ ಮಿದುಳಿಗೆ ಸುದ್ದಿ ಹೋಗುತ್ತದೆ, ಉಸಿರಾಟ ಜೋರಾಗುತ್ತದೆ, ಎದೆಬಡಿತ ಹೆಚ್ಚುತ್ತದೆ. ಇಷ್ಟಾಗಲು ನಿಮಿಷಗಳು ಸಾಕು.

ಆದರೆ ಇಲ್ಲೊಂದು ತೊಡಕಿದೆ. ಜೋರಾಗಿ ಉಸಿರಾಡಿದರೆ ಆಕ್ಸಿಜನ್ ಜಾಸ್ತಿ ಬರುತ್ತದೆ ನಿಜ, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಕೂಡ ಜಾಸ್ತಿ ಹೊರಗೆ ಹೋಗುತ್ತದೆ. ಅದು ಹೋದಂತೆ ರಕ್ತದ ಆಮ್ಲೀಯತೆ ಕಡಿಮೆಯಾಗುತ್ತದೆ. ಮಿದುಳಿಗೆ ಅದು ಸರಿಬರುವುದಿಲ್ಲ. 'ಸಾಕು, ಇಷ್ಟು ಉಸಿರಾಡಬೇಡ' ಅಂತ ತಡೆ ಹಾಕುತ್ತದೆ. ಒಂದು ಕಡೆ ಆಕ್ಸಿಜನ್ ಬೇಕು ಅನ್ನುವ ಕೂಗು, ಇನ್ನೊಂದು ಕಡೆ ಈ ತಡೆ. ಮೊದಲ ರಾತ್ರಿಗಳಲ್ಲಿ ನಿದ್ದೆ ಕೆಡುವುದು ಈ ಜಗ್ಗಾಟದಿಂದಲೇ. ಮಲಗಿದವರ ಉಸಿರು ಜೋರಾಗುತ್ತಾ ಹೋಗಿ, ಆಮೇಲೆ ಸಣ್ಣದಾಗಿ, ಕೆಲವು ಸೆಕೆಂಡು ನಿಂತೇ ಹೋಗುತ್ತದೆ. ಮತ್ತೆ ದೊಡ್ಡ ಉಸಿರೆಳೆದು ಎಚ್ಚರವಾಗುತ್ತದೆ. ಪಕ್ಕದಲ್ಲಿ ಮಲಗಿದವರು ಇದನ್ನು ಕೇಳಿ ಗಾಬರಿಯಾಗುತ್ತಾರೆ. ಬೇರೆ ಲಕ್ಷಣ ಏನೂ ಇಲ್ಲದಿದ್ದರೆ ಹೆದರಬೇಕಾಗಿಲ್ಲ, ಎತ್ತರದಲ್ಲಿ ಇದು ತುಂಬ ಜನರಿಗೆ ಆಗುತ್ತದೆ.

ಜಗ್ಗಾಟ ಬಗೆಹರಿಸುವುದು ಕಿಡ್ನಿಗಳು. ಅವು ರಕ್ತದಲ್ಲಿರುವ ಬೈಕಾರ್ಬನೇಟ್ ಅನ್ನು ಮೂತ್ರದ ಮೂಲಕ ಹೊರಗೆ ಹಾಕಿ ಆಮ್ಲ ಕ್ಷಾರದ ಲೆಕ್ಕ ಸರಿ ಮಾಡುತ್ತವೆ. ಆಗ ಮಿದುಳು ಹಾಕಿದ ತಡೆ ಸಡಿಲವಾಗಿ ಉಸಿರಾಟ ಬೇಕಾದಷ್ಟು ಹೆಚ್ಚುತ್ತದೆ. ಕಿಡ್ನಿಗಳಿಗೆ ಈ ಕೆಲಸಕ್ಕೆ ದಿನಗಳು ಬೇಕು. ಗಂಟೆಗಳಲ್ಲಿ ಮುಗಿಯುವುದಿಲ್ಲ. ಹೊಸ ಕೆಂಪು ರಕ್ತಕಣಗಳು ಹೆಚ್ಚುವುದಕ್ಕೆ ವಾರಗಳೇ ಬೇಕು, ಸಣ್ಣ ಪ್ರವಾಸದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಎರಡು ಮೂರು ದಿನದ ವಿಶ್ರಾಂತಿಯಲ್ಲಿ ನಡೆಯುವುದು ಮುಖ್ಯವಾಗಿ ಉಸಿರು ಮತ್ತು ಕಿಡ್ನಿಯ ಕೆಲಸ. ಹೊರಗಿನಿಂದ ನೋಡಿದರೆ ನೀವು ಹೋಟೆಲಿನಲ್ಲಿ ಕಾಲು ಚಾಚಿ ಕೂತಿದ್ದೀರಿ ಅಷ್ಟೇ. ಒಳಗೆ ಬೇಕಾದಷ್ಟು ಕೆಲಸ ನಡೆಯುತ್ತಿರುತ್ತದೆ.

ಟಿಬೆಟಿನ ಜನರಿಗೆ, ಶೆರ್ಪಾಗಳಿಗೆ ಈ ಅನುಕೂಲ ಹುಟ್ಟಿನಿಂದಲೇ ಇದೆ. ಸಾವಿರಾರು ವರ್ಷ ಎತ್ತರದಲ್ಲಿ ಬಾಳಿದ್ದರಿಂದ ಅವರ ವಂಶವಾಹಿಗಳೇ ಬದಲಾಗಿವೆ. ಗೈಡ್ ಬೀಡಿ ಸೇದುತ್ತಾ ಹತ್ತುತ್ತಾನೆ, ನನಗ್ಯಾಕೆ ಆಗಲ್ಲ ಅಂತ ಹೋಲಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಮೊದಲ ಸಂಜೆಯ ತಲೆನೋವು

ಲೇಹ್ ವಿಮಾನ ಇಳಿಯುವುದು ಬೆಳಿಗ್ಗೆ. ಬಿಸಿಲು ಚೆನ್ನಾಗಿರುತ್ತದೆ, ಆಕಾಶ ಕಡುನೀಲಿ. ಟ್ಯಾಕ್ಸಿಯಿಂದ ಬ್ಯಾಗ್ ಇಳಿಸುವಾಗ ಸ್ವಲ್ಪ ಏದುಸಿರು, ಅಷ್ಟು ಬಿಟ್ಟರೆ ಏನೂ ಇಲ್ಲ. 'ಎಲ್ಲರೂ ಸುಮ್ನೆ ಹೆದರಿಸಿದರು, ನಂಗೇನೂ ಆಗ್ಲಿಲ್ಲ' ಅಂತ ಮನೆಗೆ ಫೋನ್ ಹೋಗುತ್ತದೆ. ಪೇಟೆ ಸುತ್ತಿ, ಅರಮನೆ ಮೆಟ್ಟಿಲು ಹತ್ತಿ ಬರುತ್ತಾರೆ. ಸಂಜೆ ಆರೇಳು ಗಂಟೆಗೆ ಹಣೆ, ಕಣ್ಣಿನ ಹಿಂದೆ ನೋವು ಶುರು. ಊಟದ ವಾಸನೆಯೇ ಬೇಡವಾಗುತ್ತದೆ. ಬಿಸಿಲು ಬಡಿದಿರಬೇಕು, ರಾತ್ರಿ ನಿದ್ದೆ ಇಲ್ಲ, ವಿಮಾನದಲ್ಲಿ ಕೊಟ್ಟ ತಿಂಡಿ ಸರಿ ಇರಲಿಲ್ಲ, ಹೀಗೆ ಕಾರಣ ಒಂದೊಂದೇ ಹುಟ್ಟುತ್ತದೆ.

ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ಬೇಕು. ಬೆಳಿಗ್ಗೆ ಚೆನ್ನಾಗಿದ್ದೆ ಅನ್ನುವುದು ಯಾವುದಕ್ಕೂ ಸಾಕ್ಷಿಯಲ್ಲ. ಮುಖ್ಯ ಲಕ್ಷಣ ತಲೆನೋವು. ಅದರ ಜೊತೆ ಊಟ ಸೇರದಿರುವುದು, ವಾಕರಿಕೆ ಅಥವಾ ವಾಂತಿ, ವಿಪರೀತ ಸುಸ್ತು, ತಲೆ ಸುತ್ತು ಇವುಗಳಲ್ಲಿ ಯಾವುದಾದರೂ ಸೇರಿದರೆ ಅದು ಎತ್ತರದ ಕಾಯಿಲೆಯ ಮೊದಲ ಹಂತ. ಟ್ರೆಕ್ಕಿಂಗ್ ಮಾಡುವವರು ಇದನ್ನೇ ಎಎಂಎಸ್ ಅನ್ನುತ್ತಾರೆ. ಮೇಲೆ ಹೋದಾಗ ಮೈ ಸರಿಯಿಲ್ಲ ಅನ್ನಿಸಿದರೆ, ಬೇರೆ ಕಾರಣ ಖಚಿತವಾಗುವವರೆಗೂ ಅದನ್ನು ಎತ್ತರದ ಕಾಯಿಲೆ ಅಂತಲೇ ಹಿಡಿಯಬೇಕು. ಪರ್ವತದ ವೈದ್ಯರು ಹೇಳುವ ಮೊದಲ ನಿಯಮ ಇದು. ಎರಡನೆಯದು, ಲಕ್ಷಣ ಇರುವಾಗ ಇನ್ನೂ ಮೇಲೆ ಹೋಗಿ ಮಲಗಬಾರದು. ಮೂರನೆಯದು, ಇದ್ದಲ್ಲೇ ಇದ್ದರೂ ಜಾಸ್ತಿಯಾಗುತ್ತಿದ್ದರೆ ಕೂಡಲೇ ಇಳಿಯಬೇಕು.

ಈ ಹಂತದಲ್ಲಿ ಗಾಬರಿ ಬೇಡ. ಅಲ್ಲೇ ಉಳಿದು, ವಿಶ್ರಾಂತಿ ತೆಗೆದುಕೊಂಡು, ಪ್ಯಾರಾಸಿಟಮಾಲ್ ನುಂಗಿ, ಸೇರಿದಷ್ಟು ಗಂಜಿಯನ್ನೋ ಅನ್ನ ತಿಳಿಸಾರನ್ನೋ ತಿಂದರೆ ಒಂದೆರಡು ದಿನದಲ್ಲಿ ಹೆಚ್ಚಿನವರಿಗೆ ಇಳಿದುಹೋಗುತ್ತದೆ. ಮದ್ಯ ಬೇಡವೇ ಬೇಡ. ನಿದ್ದೆ ಮಾತ್ರೆಯೂ ಬೇಡ, ಕೆಲವು ನಿದ್ದೆ ಮಾತ್ರೆಗಳು ಉಸಿರಾಟವನ್ನೇ ತಗ್ಗಿಸುತ್ತವೆ. ಚಿಕ್ಕ ಮಕ್ಕಳು ತಲೆನೋವು ಅಂತ ಹೇಳುವುದಿಲ್ಲ. ಹಟ ಮಾಡುತ್ತವೆ, ಆಟ ಬಿಡುತ್ತವೆ, ತಿನ್ನುವುದಿಲ್ಲ. ಅದನ್ನೇ ಲಕ್ಷಣ ಅಂತ ತಿಳಿಯಬೇಕು.

ಯಾರಿಗೆ ಬರುತ್ತದೆ ಅಂತ ಮುಂಚೆ ಹೇಳುವುದು ಕಷ್ಟ. ಮ್ಯಾರಥಾನ್ ಓಡುವ ಹುಡುಗ ಮಲಗಿಬಿಡಬಹುದು, ಅವನ ಜೊತೆ ಬಂದ ಅತ್ತೆ ಆರಾಮಾಗಿ ಇರಬಹುದು. ಮೈಕಟ್ಟು, ಜಿಮ್ಮು ಇದಕ್ಕೆ ಅಡ್ಡ ಬರುವುದಿಲ್ಲ. ಗಟ್ಟಿ ಇರುವವರೇ ಬೇಗ ಹತ್ತಿ ಸಿಕ್ಕಿಹಾಕಿಕೊಳ್ಳುವುದೂ ಉಂಟು. ಸ್ವಲ್ಪ ಮಟ್ಟಿಗೆ ಸುಳಿವು ಕೊಡುವುದು ಹಿಂದಿನ ಅನುಭವ. ಮೊದಲೊಮ್ಮೆ ಅಷ್ಟೇ ಎತ್ತರದಲ್ಲಿ ತೊಂದರೆಯಾಗಿದ್ದರೆ ಮತ್ತೆ ಆಗುವ ಸಾಧ್ಯತೆ ಹೆಚ್ಚು.

ಎವರೆಸ್ಟ್ ಬೇಸ್ ಕ್ಯಾಂಪಿನ ದಾರಿಯಲ್ಲಿ, ನೇಪಾಳದ ಫೆರಿಚೆ ಎಂಬಲ್ಲಿ 278 ಚಾರಣಿಗರನ್ನು ಪರೀಕ್ಷಿಸಿ ಬರೆದ ಒಂದು ಅಧ್ಯಯನ 1976ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಎಎಂಎಸ್ ಇತ್ತು. ಲುಕ್ಲಾಕ್ಕೆ ವಿಮಾನದಲ್ಲಿ ಬಂದಿಳಿದವರಿಗೆ, ಕೆಳಗಿನಿಂದ ನಡೆದು ಬಂದವರಿಗಿಂತ ಜಾಸ್ತಿ ಬಂದಿತ್ತು. ಅವಸರದ ಬೆಲೆ ಏನು ಅಂತ ಇದಕ್ಕಿಂತ ಸರಳವಾಗಿ ತೋರಿಸುವುದು ಕಷ್ಟ.

ಪ್ರಾಣಕ್ಕೆ ಬರುವ ಎರಡು ರೂಪ

ತಲೆನೋವಿನಿಂದ ಯಾರೂ ಸಾಯುವುದಿಲ್ಲ. ಸಾಯುವುದು ಶ್ವಾಸಕೋಶದಲ್ಲಿ ನೀರು ತುಂಬಿದಾಗ ಅಥವಾ ಮಿದುಳು ಊದಿಕೊಂಡಾಗ. ಮೊದಲನೆಯದಕ್ಕೆ ಹೇಪ್, ಎರಡನೆಯದಕ್ಕೆ ಹೇಸ್ ಅಂತ ಟ್ರೆಕ್ಕಿಂಗ್ ಬಳಗದಲ್ಲಿ ಹೇಳುತ್ತಾರೆ.

ಹೇಪ್ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ಭಾರತೀಯ ಸೈನಿಕರು ಮತ್ತು ಸೇನಾ ವೈದ್ಯರ ಪಾಲು ದೊಡ್ಡದು. 1962ರ ಯುದ್ಧದ ಹೊತ್ತಿಗೆ ಬಯಲು ಸೀಮೆಯ ಹುಡುಗರನ್ನು ಅವಸರವಾಗಿ ಎತ್ತರದ ಗಡಿಗೆ ಕಳಿಸಬೇಕಾಯಿತು. ಗಟ್ಟಿಮುಟ್ಟಾದ ಜವಾನರು ಗುಂಡೇಟಿಲ್ಲದೆ, ಬರೀ ಎತ್ತರಕ್ಕೆ ಕುಸಿದರು. ವೈದ್ಯ ಇಂದರ್ ಸಿಂಗ್ ಮತ್ತು ಜೊತೆಗಾರರು 1,925 ಸೈನಿಕರನ್ನು ಗಮನಿಸಿ ಬರೆದ ವರದಿ 1969ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಎತ್ತರದ ಕಾಯಿಲೆಯ ಬಗ್ಗೆ ಓದುವವರು ಇವತ್ತಿಗೂ ಅದನ್ನು ಓದುತ್ತಾರೆ.

ಹೇಪ್‌ನಲ್ಲಿ ಆಗುವುದು ಇಷ್ಟು. ಆಕ್ಸಿಜನ್ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಎಲ್ಲ ಕಡೆ ಒಂದೇ ಸಮ ಬಿಗಿಯುವುದಿಲ್ಲ. ಬಿಗಿಯದ ಕಡೆ ರಕ್ತ ನುಗ್ಗಿ ಒತ್ತಡ ಏರುತ್ತದೆ. ಸಣ್ಣ ನಾಳಗಳ ಗೋಡೆ ತಡೆಯಲಾರದೆ ನೀರು ಗಾಳಿಚೀಲಗಳೊಳಗೆ ಸೋರುತ್ತದೆ. ಹೆಚ್ಚಾಗಿ ಎರಡನೇ ರಾತ್ರಿಯಿಂದ ನಾಲ್ಕನೇ ರಾತ್ರಿಯ ನಡುವೆ ಇದು ಕಾಣಿಸಿಕೊಳ್ಳುತ್ತದೆ. ನಿನ್ನೆವರೆಗೆ ಗುಂಪಿನ ಮುಂದೆ ನಡೆಯುತ್ತಿದ್ದವರು ಇವತ್ತು ಹಿಂದೆ ಬೀಳುತ್ತಾರೆ. ಒಣ ಕೆಮ್ಮು ಶುರುವಾಗುತ್ತದೆ. ಆಮೇಲೆ ಕೂತಲ್ಲೇ ಏದುಸಿರು, ಮಲಗಿದರೆ ಇನ್ನೂ ಜಾಸ್ತಿ. ಹತ್ತುವಾಗ ಎಲ್ಲರಿಗೂ ಏದುಸಿರು ಬರುತ್ತದೆ. ಕೂತು ಹತ್ತು ನಿಮಿಷವಾದರೂ ಉಸಿರು ಹತೋಟಿಗೆ ಬರದಿದ್ದರೆ ಅದು ಬೇರೆಯೇ ವಿಷಯ. ತುಟಿ, ಉಗುರು ನೀಲಿಯಾಗುವುದು, ಎದೆಯಲ್ಲಿ ಗೊರಗೊರ ಸದ್ದು, ನಸುಗೆಂಪು ನೊರೆ ಕಫ ಇವೆಲ್ಲ ತಡವಾಗಿ ಬರುವ ಲಕ್ಷಣಗಳು. ಅಲ್ಲಿವರೆಗೆ ಕಾಯಬಾರದು. ಇನ್ನೊಂದು ಮಾತು, ತಲೆನೋವೇ ಇಲ್ಲದೆಯೂ ಹೇಪ್ ಬರಬಹುದು. ಆದ್ದರಿಂದ 'ಬರೀ ಕೆಮ್ಮು, ಶೀತ ಆಗಿದೆ' ಅನ್ನುವ ಮಾತನ್ನು ಎತ್ತರದಲ್ಲಿ ನಂಬಬೇಡಿ.

ಹೇಸ್ ಅಂದರೆ ಎಎಂಎಸ್ ಬಲಿತು ಮಿದುಳಿಗೆ ಇಳಿದ ಸ್ಥಿತಿ. ಇದನ್ನು ಪತ್ತೆ ಹಚ್ಚಲು ಯಂತ್ರ ಬೇಕಿಲ್ಲ. ನೆಲದ ಮೇಲೆ ಕೋಲಿನಿಂದ ಮೂರು ಮೀಟರ್ ಉದ್ದದ ಗೆರೆ ಎಳೆಯಿರಿ. ಶೂ ಲೇಸು ಕಟ್ಟಿಸಿ, ಬ್ಯಾಗ್ ಇಳಿಸಿ, ಆ ಗೆರೆಯ ಮೇಲೆ ನಡೆಯಲು ಹೇಳಿ. ಒಂದು ಕಾಲಿನ ಹಿಮ್ಮಡಿ ಇನ್ನೊಂದು ಕಾಲಿನ ಬೆರಳಿಗೆ ತಾಗುವಂತೆ ಹೆಜ್ಜೆಯ ಮುಂದೆ ಹೆಜ್ಜೆ ಇಡಬೇಕು. ಚೆನ್ನಾಗಿರುವವರು ಸ್ವಲ್ಪ ಕೈ ಅಗಲಿಸಿಕೊಂಡಾದರೂ ನಡೆಯುತ್ತಾರೆ. ತೊಂದರೆಯಲ್ಲಿರುವವರು ಎರಡನೇ ಮೂರನೇ ಹೆಜ್ಜೆಗೆ ಗೆರೆ ಬಿಟ್ಟು ಓಲಾಡುತ್ತಾರೆ, ಕುಡಿದವರ ಹಾಗೆ. ಅನುಮಾನ ಬಂದರೆ ಮೊದಲು ನೀವೇ ನಡೆದು ನೋಡಿ, ನೆಲ ಸಮ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ನಡಿಗೆ ತಪ್ಪುವುದು, ಮಾತು ತೊದಲುವುದು, ಇವತ್ತು ಯಾವ ವಾರ ಅಂದರೆ ತಡಬಡಾಯಿಸುವುದು, ಕಾರಣವಿಲ್ಲದೆ ಸಿಡುಕುವುದು, ಎಬ್ಬಿಸಿದರೂ ಏಳದೆ ಮಲಗುವುದು, ಇವು ಕಂಡರೆ ಬೆಳಗಾಗಲಿ ಅಂತ ಕಾಯಬಾರದು. ರಾತ್ರಿಯೇ ಇಳಿಸಬೇಕು. ಬಿಟ್ಟರೆ ಒಂದು ದಿನದೊಳಗೆ ಪ್ರಜ್ಞೆ ತಪ್ಪಿ ಪ್ರಾಣ ಹೋಗಬಹುದು.

ದಾರಿ ಹೇಗೆ ಹಾಕಿಕೊಳ್ಳಬೇಕು

ವೈದ್ಯರು ಒಪ್ಪುವ ಲೆಕ್ಕ ಸರಳವಾಗಿದೆ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗುವ ಜಾಗ ನಿನ್ನೆ ಮಲಗಿದ್ದಕ್ಕಿಂತ 500 ಮೀಟರಿಗಿಂತ ಹೆಚ್ಚು ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಜಾಗದಲ್ಲಿ ಎರಡು ರಾತ್ರಿ ಉಳಿಯಬೇಕು. ಗಮನಿಸಿ, ಲೆಕ್ಕ ಮಲಗುವ ಎತ್ತರದ್ದು. ಹಗಲಲ್ಲಿ ಮೇಲೆ ಹತ್ತಿ, ರಾತ್ರಿ ಇಳಿದು ಬಂದು ಮಲಗಿದರೆ ಒಳ್ಳೆಯದೇ. ಎವರೆಸ್ಟ್ ಬೇಸ್ ಕ್ಯಾಂಪಿನ ಒಳ್ಳೆಯ ಪ್ಲಾನುಗಳಲ್ಲಿ 3,440 ಮೀಟರಿನ ನಾಮ್ಚೆ ಬಜಾರಿನಲ್ಲಿ ಎರಡು ರಾತ್ರಿ, 4,410 ಮೀಟರಿನ ಡಿಂಗ್‌ಬೋಚೆಯಲ್ಲಿ ಎರಡು ರಾತ್ರಿ ಇರುವುದು ಇದಕ್ಕೇ. ಆ ದಿನಗಳನ್ನು ತೆಗೆದುಹಾಕಿ 'ಕಡಿಮೆ ದಿನದಲ್ಲಿ ಬೇಸ್ ಕ್ಯಾಂಪ್' ಅಂತ ಮಾರುವ ಪ್ಯಾಕೇಜನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ನಮ್ಮ ಸೇನೆ ಇದರಲ್ಲಿ ಇನ್ನೂ ಕಟ್ಟುನಿಟ್ಟು. ಸುಮಾರು 2,700 ಮೀಟರಿನಿಂದ 3,600ರವರೆಗಿನ ಎತ್ತರಕ್ಕೆ ಆರು ದಿನ, ಅಲ್ಲಿಂದ 4,500ರವರೆಗೆ ಇನ್ನೂ ನಾಲ್ಕು ದಿನ, ಅದಕ್ಕಿಂತ ಮೇಲೆ ಮತ್ತೆ ನಾಲ್ಕು ದಿನ. ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ. ಇಪ್ಪತ್ತೈದರ ಹರೆಯದ, ದಿನಾ ಕಸರತ್ತು ಮಾಡುವ ಜವಾನನಿಗೇ ಇಷ್ಟು ದಿನ ಕೊಡುತ್ತಾರೆ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ನಾವು ಒಂದೇ ಮಧ್ಯಾಹ್ನದಲ್ಲಿ ಮುಗಿಸಲು ನೋಡುತ್ತೇವೆ.

ವಿಮಾನದಲ್ಲಿ ಲೇಹ್‌ಗೆ ಹೋದರೆ ದೆಹಲಿಯಿಂದ 3,000 ಮೀಟರಿಗೂ ಹೆಚ್ಚು ಒಂದೇ ಏಟಿಗೆ ಏರಿದಂತೆ. 500 ಮೀಟರಿನ ಲೆಕ್ಕ ಅಲ್ಲೇ ಮುರಿದುಬಿತ್ತು. ಆದ್ದರಿಂದ ಕನಿಷ್ಠ 48 ಗಂಟೆ ಲೇಹ್‌ನಲ್ಲೇ ಇರಬೇಕು, ಮೂರು ರಾತ್ರಿ ಇದ್ದರೆ ಇನ್ನೂ ಒಳ್ಳೆಯದು. ಮೊದಲ ದಿನ ಕೋಣೆ, ಊಟದ ಮನೆ, ಅಂಗಳ, ಅಷ್ಟೇ. ಎರಡನೇ ದಿನ ನಿಧಾನ ನಡಿಗೆ. ಆಮೇಲೆ ಮೊದಲು ನುಬ್ರಾಕ್ಕೆ ಹೋಗಿ. ಅಲ್ಲಿನ ದಿಸ್ಕಿತ್, ಹುಂಡರ್ ಇರುವುದು ಸುಮಾರು 3,100 ಮೀಟರಿನಲ್ಲಿ, ಲೇಹ್‌ಗಿಂತ ಕೆಳಗೆ. ಖರ್ದುಂಗ್ ಲಾ ಮೇಲೆ ಹತ್ತು ಹದಿನೈದು ನಿಮಿಷಕ್ಕಿಂತ ನಿಲ್ಲಬೇಡಿ. ಪ್ಯಾಂಗಾಂಗ್ 4,200 ಮೀಟರಿಗೂ ಮೇಲೆ, ಅದು ಕೊನೆಗಿರಲಿ.

ಲಡಾಖ್‌ನಲ್ಲಿ ಇನ್ನೊಂದು ಅಪಾಯ ಇದೆ, ಅದರ ಬಗ್ಗೆ ಯಾರೂ ಸಾಕಷ್ಟು ಹೇಳುವುದಿಲ್ಲ. ಮೈ ಕೆಟ್ಟರೆ ಇಳಿಯಬೇಕು ಅನ್ನುತ್ತೇವೆ. ಪ್ಯಾಂಗಾಂಗ್ ದಡದ ಟೆಂಟಿನಲ್ಲಿ ರಾತ್ರಿ ಎರಡು ಗಂಟೆಗೆ ಉಸಿರು ಸಿಕ್ಕದಂತಾದರೆ ಲೇಹ್ ಆಸ್ಪತ್ರೆಗೆ ಹೋಗುವ ನೇರ ದಾರಿಯಲ್ಲಿ ಚಾಂಗ್ ಲಾ ಅಡ್ಡ ಇದೆ, ಸುಮಾರು 5,360 ಮೀಟರ್. ಇಳಿಯಲು ಮೊದಲು ಸಾವಿರ ಮೀಟರ್ ಹತ್ತಬೇಕು. ನುಬ್ರಾದಿಂದ ಬರುವುದಾದರೂ ಮತ್ತೆ ಖರ್ದುಂಗ್ ಲಾ. ಮನಾಲಿ ರಸ್ತೆಯ ಸರ್ಚು ಇನ್ನೂ ಕಷ್ಟದ ಜಾಗ. ಸುಮಾರು 2,050 ಮೀಟರಿನ ಮನಾಲಿಯಿಂದ ಒಂದೇ ದಿನಕ್ಕೆ 4,290 ಮೀಟರಿನ ಸರ್ಚುವಿಗೆ ಬಂದು ಟೆಂಟಿನಲ್ಲಿ ಮಲಗಿದರೆ ಎಷ್ಟೋ ಜನರಿಗೆ ಆ ರಾತ್ರಿ ಯಾತನೆ. ಒಂದು ಕಡೆ ಬಾರಾಲಾಚಾ ಲಾ, ಇನ್ನೊಂದು ಕಡೆ ಲಾಚುಲುಂಗ್ ಲಾ. ಎತ್ತ ಹೋದರೂ ಮೊದಲು ಏರಲೇಬೇಕು. ಮನಾಲಿ ಕಡೆಯಿಂದ ಹೋಗುವವರು ಸರ್ಚುವಿಗಿಂತ ತಗ್ಗಿನಲ್ಲಿರುವ ಜಿಸ್ಪಾದಲ್ಲಿ ಒಂದೆರಡು ರಾತ್ರಿ ನಿಲ್ಲಲಿ. ಸರ್ಚುವಿನಲ್ಲಿ ಮಲಗದೆ ದಾಟಿಹೋಗುವ ಹಾಗೆ ನೋಡಿಕೊಳ್ಳಲಿ. ಶ್ರೀನಗರ, ಕಾರ್ಗಿಲ್ ದಾರಿ ಇವೆಲ್ಲಕ್ಕಿಂತ ಮೇಲು. ಕಾರ್ಗಿಲ್ ಸುಮಾರು 2,700 ಮೀಟರ್, ಅಲ್ಲಿ ಒಂದು ರಾತ್ರಿ ಕಳೆದರೆ ದೇಹಕ್ಕೆ ಒಂದು ಮೆಟ್ಟಿಲು ಸಿಗುತ್ತದೆ. ಎವರೆಸ್ಟ್ ಬೇಸ್ ಕ್ಯಾಂಪಿನ ದಾರಿ ಇರುವ ನೇಪಾಳದ ಖುಂಬು ಕಣಿವೆಯಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರೆ ಹೆಚ್ಚುಕಡಿಮೆ ಇಳಿಜಾರೇ.

ಮಾತ್ರೆ, ಕರ್ಪೂರ, ಆಕ್ಸಿಜನ್ ಡಬ್ಬಿ

ಡಯಾಮಾಕ್ಸ್ ಮಾತ್ರೆ ಹೆಸರು ಕೇಳಿರುತ್ತೀರಿ. ಅದರೊಳಗಿನ ಔಷಧ ಅಸಿಟಜೋಲಮೈಡ್. ಮೇಲೆ ಹೇಳಿದ ಕಿಡ್ನಿಯ ಕೆಲಸವನ್ನು ಅದು ಬೇಗ ಮಾಡಿಸುತ್ತದೆ, ಬೈಕಾರ್ಬನೇಟ್ ಹೊರಗೆ ಹಾಕಿಸಿ ಉಸಿರಾಟ ಹೆಚ್ಚಿಸುತ್ತದೆ. ಕಾಯಿಲೆಯನ್ನು ಮುಚ್ಚಿಡುತ್ತದೆ ಅನ್ನುವ ಮಾತು ತಪ್ಪು, ಅದು ಒಗ್ಗಿಕೊಳ್ಳಲು ಸಹಾಯ ಮಾಡುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಹತ್ತುವ ಹಿಂದಿನ ದಿನದಿಂದ ಶುರು ಮಾಡಲು ವೈದ್ಯರು ಹೇಳುತ್ತಾರೆ. ಬೆರಳ ತುದಿ ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಸೋಡಾ ಕುಡಿದರೆ ಸಪ್ಪೆ ಅನ್ನಿಸುತ್ತದೆ. ಸಲ್ಫಾ ಮಾತ್ರೆ ಅಲರ್ಜಿ ಇರುವವರು, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ತಮ್ಮ ಡಾಕ್ಟರನ್ನು ಕೇಳದೆ ಮುಟ್ಟಬಾರದು. ನಿಜ ಹೇಳಬೇಕೆಂದರೆ ಎಲ್ಲರೂ ಕೇಳಿಯೇ ತೆಗೆದುಕೊಳ್ಳಬೇಕು. ನೇರ ವಿಮಾನದಲ್ಲಿ ಲೇಹ್‌ಗೆ ಇಳಿಯುವವರಿಗೆ, ಹಿಂದೆ ತೊಂದರೆಯಾದವರಿಗೆ ಇದು ನಿಜಕ್ಕೂ ಉಪಯೋಗ. ಆದರೆ ಮಾತ್ರೆ ನುಂಗಿದ್ದೇನೆ ಅಂತ ವಿಶ್ರಾಂತಿಯ ದಿನ ಕತ್ತರಿಸುವಂತಿಲ್ಲ.

ಡೆಕ್ಸಾಮೆಥಾಸೋನ್ ಬೇರೆ ತರದ್ದು. ಅದು ಮಿದುಳಿನ ಊತ ಇಳಿಸುತ್ತದೆ, ಹೇಸ್ ಬಂದಾಗ ಪ್ರಾಣ ಉಳಿಸುತ್ತದೆ. ಒಗ್ಗಿಕೊಳ್ಳಲು ಅದರಿಂದ ಸಹಾಯವಿಲ್ಲ. ನಿಲ್ಲಿಸಿದ ಕೂಡಲೇ ಕಾಯಿಲೆ ಮರಳಬಹುದು. ಹೇಪ್‌ಗೆ ನಿಫೆಡಿಪಿನ್ ಬಳಸುತ್ತಾರೆ. ಇವೆರಡೂ ಗುಂಪಿನ ಕಿಟ್‌ನಲ್ಲಿ ಇರಬೇಕು, ಯಾವಾಗ ಎಷ್ಟು ಕೊಡಬೇಕು ಅಂತ ಕಲಿತವರೊಬ್ಬರೂ ಜೊತೆಗಿರಬೇಕು.

ನಮ್ಮ ಕಡೆಯಿಂದ ಹೋಗುವವರು ಕರ್ಪೂರವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮೂಸುತ್ತಾ ಇರುತ್ತಾರೆ. ಅದರ ವಾಸನೆಗೆ ಮೂಗು ಬಿಟ್ಟ ಹಾಗೆ, ಉಸಿರು ಸರಾಗವಾದ ಹಾಗೆ ಅನ್ನಿಸುತ್ತದೆ. ರಕ್ತಕ್ಕೆ ಒಂದು ಕಣ ಆಕ್ಸಿಜನ್ ಕೂಡ ಅದರಿಂದ ಜಾಸ್ತಿ ಸೇರುವುದಿಲ್ಲ. ಮೂಸಿ, ಅಡ್ಡಿಯಿಲ್ಲ. ಅದನ್ನು ನಂಬಿ ಮುಂದಕ್ಕೆ ಹತ್ತಬೇಡಿ. ಕೈಗೆ ಹಿಡಿಯುವ ಆಕ್ಸಿಜನ್ ಡಬ್ಬಿ ಕೆಲವೇ ನಿಮಿಷದಲ್ಲಿ ಖಾಲಿಯಾಗುತ್ತದೆ. ರೋಗಿಗೆ ಬೇಕಾಗುವುದು ಗಂಟೆಗಟ್ಟಲೆ ಬರುವ ದೊಡ್ಡ ಸಿಲಿಂಡರ್. ಪ್ಯಾಂಗಾಂಗ್‌ಗೆ ಹೋಗುವ ಗಾಡಿಯಲ್ಲಿ ಅಂಥ ಸಿಲಿಂಡರ್ ಇದೆಯಾ, ಮಾಸ್ಕ್ ಇದೆಯಾ, ತುಂಬಿಸಿದ್ದಾರಾ ಅಂತ ಹೊರಡುವ ಮುಂಚೆ ಡ್ರೈವರನ್ನು ಕೇಳಿ ನೋಡಿ. ನೇಪಾಳದ ಬೆಳ್ಳುಳ್ಳಿ ಸೂಪ್ ಬಿಸಿಬಿಸಿಯಾಗಿ ರುಚಿಯಾಗಿರುತ್ತದೆ, ಅದಕ್ಕಾಗಿ ಕುಡಿಯಬಹುದು.

ನೀರು ಜಾಸ್ತಿ ಕುಡಿದರೆ ಕಾಯಿಲೆ ಬರುವುದಿಲ್ಲ ಅಂತ ದಿನಕ್ಕೆ ಆರೇಳು ಲೀಟರ್ ಕುಡಿಸುವವರಿದ್ದಾರೆ. ಒಣ ಗಾಳಿಯಲ್ಲಿ ನೀರು ಬೇಕು, ಬಾಯಾರಿಕೆಯ ತಲೆನೋವೂ ಹೀಗೇ ಇರುತ್ತದೆ. ಆದರೆ ನೀರು ಎತ್ತರದ ಕಾಯಿಲೆ ತಡೆಯುವುದಿಲ್ಲ. ಅತಿಯಾದರೆ ರಕ್ತದ ಉಪ್ಪಿನ ಅಂಶ ಇಳಿದು ಅದೇ ಅಪಾಯ. ಮೂತ್ರ ತಿಳಿ ಹಳದಿ ಇರುವಷ್ಟು ಕುಡಿದರೆ ಸಾಕು.

ಕೊರೊನಾ ಬಂದ ಮೇಲೆ ಆಕ್ಸಿಮೀಟರ್ ಮನೆ ಮನೆಗೂ ಬಂತು. ಲೇಹ್‌ನಲ್ಲಿ ಅದು 88 ತೋರಿಸಿದರೆ ಊರಿನ ಲೆಕ್ಕದಲ್ಲಿ ಹೆದರಿಬಿಡುತ್ತೇವೆ. ಅಲ್ಲಿ ಹೊಸದಾಗಿ ಬಂದವರಿಗೆ 80ರ ಮೇಲ್ಭಾಗದ ಅಂಕಿ ಸಾಮಾನ್ಯ. ಕೈ ತಣ್ಣಗಿದ್ದರೂ ಉಗುರಿಗೆ ಬಣ್ಣ ಇದ್ದರೂ ತಪ್ಪು ತೋರಿಸುತ್ತದೆ. ಅಂಕಿ ಚೆನ್ನಾಗಿದೆ ಅಂತ ತಲೆನೋವನ್ನು ಕಡೆಗಣಿಸುವುದು ಇನ್ನೂ ದೊಡ್ಡ ತಪ್ಪು. ಗುಂಪಿನಲ್ಲಿ ಎಲ್ಲರದೂ 85ರ ಆಸುಪಾಸು ಇದ್ದು ಒಬ್ಬರದು ಮಾತ್ರ 70 ಇದ್ದರೆ, ಅವರ ಕಡೆ ಗಮನ ಕೊಡಿ. ಆ ಯಂತ್ರದ ಒಳ್ಳೆಯ ಉಪಯೋಗ ಅದು.

ಕೈಲಾಸಕ್ಕೆ ಹೋಗುವ ಹಿರಿಯರಿಗೆ

ಕರ್ನಾಟಕದಿಂದ ಪ್ರತಿ ಸಲ ತುಂಬ ಜನ ಕೈಲಾಸ ಮಾನಸ ಸರೋವರಕ್ಕೆ ಹೋಗುತ್ತಾರೆ, ರಾಜ್ಯ ಸರ್ಕಾರ ಯಾತ್ರಿಕರಿಗೆ ಸಹಾಯಧನವನ್ನೂ ಕೊಡುತ್ತದೆ. 2020ರಿಂದ ನಿಂತಿದ್ದ ಸರ್ಕಾರಿ ಯಾತ್ರೆ 2025ರಲ್ಲಿ ಮತ್ತೆ ಶುರುವಾಯಿತು. ಉತ್ತರಾಖಂಡದ ಲಿಪುಲೇಖ್ ದಾರಿಯಲ್ಲಿ ಹೋಗುವವರಿಗೆ ದೆಹಲಿಯಲ್ಲೊಮ್ಮೆ, ಮೇಲೆ ಗುಂಜಿಯಲ್ಲಿ ಇನ್ನೊಮ್ಮೆ ಆರೋಗ್ಯ ತಪಾಸಣೆ ಮಾಡಿ, ಆಗದವರನ್ನು ವಾಪಸ್ ಕಳಿಸುತ್ತಾರೆ. ಬೇಸರವಾದರೂ ಅದು ಒಳ್ಳೆಯ ಪದ್ಧತಿ. ನೇಪಾಳದಿಂದ ಹೆಲಿಕಾಪ್ಟರ್ ಅಥವಾ ಜೀಪಿನಲ್ಲಿ ಹೋಗುವ ಖಾಸಗಿ ಪ್ರವಾಸಗಳಲ್ಲಿ ಏರುವ ವೇಗ ಹೆಚ್ಚು. ಮಾನಸ ಸರೋವರ ಸುಮಾರು 4,590 ಮೀಟರ್, ಪರಿಕ್ರಮದ ಡೋಲ್ಮಾ ಲಾ 5,630. ಹೋಗುವವರಲ್ಲಿ ಅರವತ್ತು ದಾಟಿದವರು ಬೇಕಾದಷ್ಟು ಜನ.

ವಯಸ್ಸಾಗಿದೆ ಅನ್ನುವುದೇ ಅಡ್ಡಿಯಲ್ಲ. ಹೃದಯದ ತೊಂದರೆ, ಆಸ್ತಮಾ, ಹತೋಟಿಗೆ ಬಾರದ ಬಿಪಿ ಇದ್ದರೆ ಮೊದಲೇ ಡಾಕ್ಟರ ಹತ್ತಿರ ಕೂತು ಮಾತಾಡಬೇಕು. ಮೊದಲ ಕೆಲವು ದಿನ ಎತ್ತರದಲ್ಲಿ ಬಿಪಿ ಏರುವುದುಂಟು. ಸಕ್ಕರೆ ಕಾಯಿಲೆ ಇರುವವರ ಇನ್ಸುಲಿನ್ ಚಳಿಗೆ ಹೆಪ್ಪುಗಟ್ಟದಂತೆ ಮೈಗೆ ತಾಗಿಸಿ ಇಟ್ಟುಕೊಳ್ಳಬೇಕು. ಇವೆಲ್ಲಕ್ಕಿಂತ ಕಷ್ಟ ಮನಸ್ಸಿನದು. 'ಇಲ್ಲಿವರೆಗೂ ಬಂದು ಪರಿಕ್ರಮ ಮಾಡದೆ ಹೋಗೋದಾ? ಆದದ್ದಾಗಲಿ, ಶಿವ ಇದ್ದಾನೆ' ಅನ್ನುತ್ತಾರೆ. ಆ ಭಕ್ತಿಯ ಮುಂದೆ ವಾದ ಮಾಡುವುದು ಸುಲಭವಲ್ಲ. ನನ್ನ ಸಲಹೆ ಇಷ್ಟೇ, ಈ ಮಾತನ್ನು ಮನೆಯಲ್ಲೇ, ಹೊರಡುವ ಮುಂಚೆ ಆಡಿ ಮುಗಿಸಿ. 'ಅಪ್ಪಾ, ಉಸಿರು ಕಟ್ಟಿದರೆ ಪರಿಕ್ರಮ ಶುರುವಾಗುವ ಯಮದ್ವಾರದಿಂದಲೇ ಕೈಮುಗಿದು ಬರೋಣ' ಅಂತ ಊರಲ್ಲೇ ಒಪ್ಪಿಸಿದರೆ ಅಲ್ಲಿ ಎಳೆದಾಟ ಇರುವುದಿಲ್ಲ.

ಇಳಿಯುವ ತೀರ್ಮಾನ ಯಾರದು

ಕಾಯಿಲೆ ಬಿದ್ದವರ ತೀರ್ಮಾನವನ್ನು ಅವರಿಗೇ ಬಿಡಬಾರದು. 1875ರ ಏಪ್ರಿಲ್‌ನಲ್ಲಿ ಝೆನಿತ್ ಎಂಬ ಬಲೂನಿನಲ್ಲಿ ಮೂವರು ಫ್ರೆಂಚರು 8,000 ಮೀಟರಿನಾಚೆ ಏರಿದರು. ಅವರ ಕೈಗೆಟಕುವಷ್ಟು ಹತ್ತಿರದಲ್ಲೇ ಆಕ್ಸಿಜನ್ ಚೀಲಗಳಿದ್ದವು. ಬದುಕಿ ಬಂದ ಗ್ಯಾಸ್ಟನ್ ಟಿಸಾಂಡಿಯೆ ಆಮೇಲೆ ಬರೆದದ್ದನ್ನು ನೋಡಿದರೆ, ಆ ಹೊತ್ತಿನಲ್ಲಿ ಅವರಿಗೆ ನೋವಾಗಲಿ ಹೆದರಿಕೆಯಾಗಲಿ ಇರಲಿಲ್ಲ, ಒಂದು ರೀತಿಯ ಸಂತೋಷವೇ ಇತ್ತು. ಕೊಳವೆ ಹಿಡಿಯಬೇಕು ಅನ್ನಿಸಿದಾಗ ಕೈ ಏಳಲಿಲ್ಲ. ಉಳಿದಿಬ್ಬರು ಸತ್ತಿದ್ದರು. ಅಷ್ಟು ಎತ್ತರಕ್ಕೆ ನಾವು ಹೋಗುವುದಿಲ್ಲ. ಆದರೂ ಆಕ್ಸಿಜನ್ ಸಾಲದ ಮಿದುಳು ತನಗೆ ಸಾಲುತ್ತಿಲ್ಲ ಅಂತ ತಾನೇ ಹೇಳುವುದಿಲ್ಲ ಅನ್ನುವುದು 4,500 ಮೀಟರಿನಲ್ಲೂ ನಿಜ. 'ನಂಗೇನಾಗಿಲ್ಲ, ನೀವು ಹೋಗಿ, ಸ್ವಲ್ಪ ಮಲಗಿರ್ತೀನಿ' ಅಂದವರನ್ನು ಟೆಂಟಿನಲ್ಲಿ ಒಬ್ಬರನ್ನೇ ಬಿಟ್ಟು ಹೋಗುವುದು ತುಂಬ ಅಪಾಯ. ಜೋಡಿ ಮಾಡಿಕೊಳ್ಳಿ. ಬೆಳಿಗ್ಗೆ ಸಂಜೆ ಒಬ್ಬರನ್ನೊಬ್ಬರು ಕೇಳಿ: ತಲೆನೋವಿದೆಯಾ, ಊಟ ಸೇರಿತಾ, ನಿದ್ದೆ ಬಂತಾ, ಕೆಮ್ಮಿದೆಯಾ?

ಇಳಿಯುವುದಾದರೆ ಕೊನೆಯ ಸಲ ಎಲ್ಲಿ ಚೆನ್ನಾಗಿ ನಿದ್ದೆ ಬಂದಿತ್ತೋ ಅಲ್ಲಿವರೆಗಾದರೂ ಇಳಿಯಿರಿ. 300 ಮೀಟರ್ ಇಳಿದರೂ ಕೆಲವರಿಗೆ ಗುಣ ಕಾಣುತ್ತದೆ, ಕೆಲವರಿಗೆ 1,000 ಬೇಕಾಗಬಹುದು. ಹೇಪ್ ಆದವರನ್ನು ಆದಷ್ಟೂ ನಡೆಸಬೇಡಿ. ಶ್ರಮದಿಂದ ಶ್ವಾಸಕೋಶದ ಒತ್ತಡ ಇನ್ನೂ ಏರುತ್ತದೆ. ಹೊತ್ತುಕೊಂಡು, ಕುದುರೆ ಮೇಲೆ, ಗಾಡಿಯಲ್ಲಿ, ಬೆಚ್ಚಗೆ ಹೊದಿಸಿ, ತಲೆಭಾಗ ಎತ್ತರಿಸಿ ಕೂರಿಸಿ ಕರೆದೊಯ್ಯಿರಿ. ಎತ್ತರದ ಬೆಟ್ಟದ ದಾರಿ ದಾಟಲೇಬೇಕಾದ ಕಡೆ ಆಕ್ಸಿಜನ್ ಹಾಕಿಕೊಂಡೇ ದಾಟಿಸಿ. ದಾರಿಯಲ್ಲಿ ಸೇನೆಯ ವೈದ್ಯಕೀಯ ಪೋಸ್ಟ್ ಸಿಕ್ಕರೆ ನಿಲ್ಲಿಸಿ ಕೇಳಿ. ದೊಡ್ಡ ತಂಡಗಳು ಗಾಮೋ ಬ್ಯಾಗ್ ಇಟ್ಟುಕೊಂಡಿರುತ್ತವೆ. ರೋಗಿಯನ್ನು ಉದ್ದನೆಯ ಚೀಲದೊಳಗೆ ಮಲಗಿಸಿ, ಕಾಲಿನಿಂದ ಪಂಪ್ ತುಳಿದು ಗಾಳಿ ತುಂಬಿದರೆ ಒಳಗಿನ ಒತ್ತಡ ಏರಿ, ಸಾವಿರ ಮೀಟರಿಗೂ ಹೆಚ್ಚು ಇಳಿದಷ್ಟೇ ಗುಣ ಸಿಗುತ್ತದೆ. ಚೀಲದಿಂದ ಹೊರಗೆ ತೆಗೆದ ಮೇಲೆ ಕಾಯಿಲೆ ಮರಳಬಹುದು, ಆದ್ದರಿಂದ ಅದು ಇಳಿಸುವ ಏರ್ಪಾಡು ಆಗುವವರೆಗಿನ ಉಪಾಯ.

ಎಎಂಎಸ್ ಮಾತ್ರ ಆಗಿದ್ದವರು ಪೂರ್ತಿ ಗುಣವಾದ ಮೇಲೆ, ಅದೇ ಪ್ರವಾಸದಲ್ಲಿ ನಿಧಾನವಾಗಿ ಮತ್ತೆ ಮೇಲೆ ಹೋಗಬಹುದು. ಹೇಸ್ ಆದವರಿಗೆ ಆ ಪ್ರವಾಸ ಅಲ್ಲಿಗೆ ಮುಗಿಯಿತು ಅಂತಲೇ ತಿಳಿಯಿರಿ. ಹೇಪ್ ಆದವರು ಊರಿಗೆ ಬಂದ ಮೇಲೆ ಶ್ವಾಸಕೋಶ, ಹೃದಯ ಎರಡನ್ನೂ ಡಾಕ್ಟರಿಗೆ ತೋರಿಸಬೇಕು, ಹೃದಯದಲ್ಲಿ ಹುಟ್ಟಿನಿಂದ ಇರುವ ಸಣ್ಣ ದೋಷ ಕೆಲವೊಮ್ಮೆ ಹೀಗೇ ಪತ್ತೆಯಾಗುತ್ತದೆ. ಮುಂದಿನ ಸಲ ಹೋಗುವಾಗ ಅವರಿಗೆ ಮುಂಚಿನಿಂದಲೇ ನಿಫೆಡಿಪಿನ್ ಬೇಕಾಗಬಹುದು, ಏರುವ ವೇಗವೂ ಇನ್ನೂ ಕಡಿಮೆ ಇರಬೇಕು. ಟ್ರೆಕ್ಕಿಂಗ್ ಕಂಪನಿಯ ಫಾರಂನಲ್ಲಿ 'ಹಿಂದೆ ಎತ್ತರದ ಕಾಯಿಲೆ ಆಗಿತ್ತೇ' ಅನ್ನುವ ಪ್ರಶ್ನೆ ಇರುತ್ತದೆ. ಸೇರಿಸಿಕೊಳ್ಳುವುದಿಲ್ಲವೇನೋ ಅಂತ ಹೆದರಿ ಅಲ್ಲಿ 'ಇಲ್ಲ' ಅಂತ ಬರೆಯಬೇಡಿ. ಎಲ್ಲಿ, ಎಷ್ಟು ಮೀಟರಿನಲ್ಲಿ, ಎಷ್ಟನೇ ದಿನ ಆಯಿತು, ಯಾವ ಮಾತ್ರೆ ಕೊಟ್ಟರು ಅನ್ನುವುದನ್ನು ಪೂರ್ತಿ ಬರೆಯಿರಿ. ಗುಂಪಿನ ಲೀಡರಿಗೆ ಬಾಯಿಮಾತಿನಲ್ಲೂ ಇನ್ನೊಮ್ಮೆ ಹೇಳಿಡಿ.